ವೇಟಿಂಗ್ ಲಿಸ್ಟಿನ ಒಂಬತ್ತನೆಯವಳು

ಫಲಿತಾಂಶ ಬಂದ ದಿನ ಆ ಮನೆಯಲ್ಲಿ ಯಾರೂ ಅಳಲಿಲ್ಲ, ಯಾರೂ ಕುಣಿಯಲೂ ಇಲ್ಲ. ಅಳುವಷ್ಟು ಕಡಿಮೆಯಲ್ಲ, ಕುಣಿಯುವಷ್ಟು ಜಾಸ್ತಿಯಲ್ಲ, ಅಂಥ ಅಂಕಗಳು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಮೊಬೈಲನ್ನು ಮುಖದ ಹತ್ತಿರ ಹಿಡಿದುಕೊಂಡು ಒಂದೊಂದೇ ವಿಷಯ ಓದಿದಳು.

"ಜೀವಶಾಸ್ತ್ರ ತೊಂಬತ್ತೊಂದು. ಮೊದಲನೇ ಭಾಷೆ ಎಪ್ಪತ್ನಾಲ್ಕು. ಗಣಿತ..." ಮೊಬೈಲನ್ನು ಇನ್ನಷ್ಟು ಹತ್ತಿರ ತಂದಳು. "ಮೂವತ್ತಾರು. ಭೌತಶಾಸ್ತ್ರ ನಲವತ್ತೆಂಟು. ರಸಾಯನ ಐವತ್ತೈದು. ಎರಡನೇ ಭಾಷೆ ಅರವತ್ನಾಲ್ಕು."

ತಾಯಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡಲಿಲ್ಲ. ನಲ್ಲಿ ನೀರು ಸುರಿಯುತ್ತಲೇ ಇತ್ತು.

"ಅರವತ್ತೊಂದು ಪಾಯಿಂಟ್ ಮೂರು ಮೂರು," ಎಂದಳು.

ಅದೇ ಅವಳ ಬಾಯಿಂದ ಬಂದ ಮೊದಲ ಮಾತು. ಶಭಾಶ್ ಅಂತಲೂ ಅಲ್ಲ, ಅಯ್ಯೋ ಅಂತಲೂ ಅಲ್ಲ. ಆಮೇಲೆ ಎಷ್ಟೋ ದಿನ ಆ ಗಳಿಗೆಯನ್ನು ನೆನೆಸಿಕೊಂಡು, ಬೇರೆ ಏನಾದರೂ ಅನ್ನಬಹುದಿತ್ತಲ್ಲ ಅಂತ ಯೋಚಿಸಿದಳು. ಆದರೆ ಹತ್ತೊಂಬತ್ತು ವರ್ಷದ ಅಭ್ಯಾಸ ನಾಲಗೆಗಿಂತ ಮುಂದೆ ಓಡುತ್ತದೆ.

ಅವಳು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಗುಮಾಸ್ತೆ. ಪ್ರತಿ ವರ್ಷ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಸಾವಿರಾರು ಅರ್ಜಿಗಳು ಅವಳ ಮೇಜಿಗೆ ಬರುತ್ತವೆ. ಆರು ವಿಷಯಗಳ ಅಂಕ ಕೂಡಿಸಬೇಕು, ಆರರಿಂದ ಭಾಗಿಸಬೇಕು, ಬಂದ ಸರಾಸರಿಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸಬೇಕು, ಎಷ್ಟು ಸೀಟು ಇದೆಯೋ ಅಷ್ಟಕ್ಕೆ ಒಂದು ಗೆರೆ ಎಳೆಯಬೇಕು. ಗೆರೆಯ ಮೇಲಿದ್ದವರು ಒಳಗೆ, ಕೆಳಗಿದ್ದವರು ವೇಟಿಂಗ್ ಲಿಸ್ಟಿಗೆ, ಇನ್ನೂ ಕೆಳಗಿದ್ದವರು ಅವರವರ ಮನೆಗೆ. ಈಗ ಕೂಡಿ ಭಾಗಿಸುವುದು ಕಂಪ್ಯೂಟರಿನ ಕೆಲಸವೇ. ಆದರೂ ಮೊದಮೊದಲು ಕೈಯಲ್ಲೇ ಮಾಡಿದ್ದರಿಂದ, ಯಾರಾದರೂ ಆರು ಅಂಕಿ ಹೇಳಿದರೆ ಏಳನೆಯದು ಅವಳ ತಲೆಯಲ್ಲಿ ತಾನಾಗಿ ಎದ್ದು ಕೂರುತ್ತಿತ್ತು. ಕಚೇರಿಯಲ್ಲಿ ಅವಳಿಗೆ ಪಟ್ಟಿಯಕ್ಕ ಅಂತಲೇ ಹೆಸರು. ಗೇಟಿನ ಕಾವಲಿನವನಿಗೂ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ.

ಮಗಳಿಗೆ ಮನೆಯಲ್ಲಿ ಸಾಸಿವೆ ಅನ್ನುತ್ತಿದ್ದರು. ಹುಟ್ಟಿದಾಗ ತೂಕ ತೀರಾ ಕಡಿಮೆಯಿತ್ತು; ತೊಟ್ಟಿಲಿಗೆ ಬಗ್ಗಿ ನೋಡಿದ ಅಜ್ಜಿ, "ಇದೇನೇ ಇದು, ಸಾಸಿವೆಕಾಳು!" ಅಂದವರು ಸಾಯುವವರೆಗೂ ಹಾಗೆಯೇ ಕರೆದರು. ಈ ಅಜ್ಜಿಯ ದೆಸೆಯಿಂದಲೇ ಸಾಸಿವೆಗೆ ಫಿಸಿಯೋಥೆರಪಿ ಓದುವ ಆಸೆ ಹುಟ್ಟಿದ್ದು. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಒಬ್ಬಾಕೆ ಬರುತ್ತಿದ್ದರು. ಉಳಿದ ನಾಲ್ಕು ದಿನ ಸಾಸಿವೆಯೇ ಮಾಡಿಸುತ್ತಿದ್ದಳು. ಅಜ್ಜಿ ಬೈಯುತ್ತಿದ್ದರು, ಅಳುತ್ತಿದ್ದರು, ಒಮ್ಮೆ ಊರುಗೋಲು ಎತ್ತಿ ಹೊಡೆಯಲೂ ಹೋಗಿದ್ದರು. ಸಾಸಿವೆ ಗೋಲನ್ನು ಕೈಯಲ್ಲಿ ತಡೆದು, "ಹೊಡೆಯೋಕೆ ಎದ್ದು ನಿಂತ್ರಲ್ಲ, ಅದೇ ಇವತ್ತಿನ ಲೆಕ್ಕ, ಸಾಕು ಕೂತ್ಕೊಳ್ಳಿ," ಅಂದಿದ್ದಳು. ಮೂರು ತಿಂಗಳ ಮೇಲೆ ಅಜ್ಜಿ ಬಸ್ ಸ್ಟಾಪಿನವರೆಗೆ ನಡೆದು ಹೋಗಿ ಬಂದರು. ಆಮೇಲೆ ಎರಡು ವರ್ಷ ನಡೆದಾಡಿಕೊಂಡೇ ಇದ್ದು, ಒಂದು ದಿನ ಮಲಗಿದಲ್ಲೇ ಹೋದರು.

ಆ ಓದಿಗೆ ವಿಶ್ವವಿದ್ಯಾಲಯದಲ್ಲಿ ಇದ್ದದ್ದು ನಲವತ್ತು ಸೀಟು.

ಸಾಸಿವೆ ಅರ್ಜಿ ಹಾಕಿದ ದಿನವೇ ಪಟ್ಟಿಯಕ್ಕ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. "ಸಾರ್, ಫಿಸಿಯೋಥೆರಪಿಗೆ ನನ್ನ ಮಗಳೂ ಹಾಕಿದಾಳೆ. ಆ ಪಟ್ಟಿ ಬೇರೆಯವರ ಕೈಗೆ ಕೊಟ್ಟುಬಿಡಿ," ಎಂದಳು.

ಸೂಪರಿಂಟೆಂಡೆಂಟರು ಕನ್ನಡಕವನ್ನು ಹಣೆಗೆ ಏರಿಸಿದರು. "ಬೇರೆಯವರು ಅಂದ್ರೆ ಯಾರ‍್ರೀ? ನಾಲ್ಕು ಮೇಜು, ಮೂರು ಜನ. ಒಬ್ಬಳು ಹೆರಿಗೆ ರಜೆ ಮೇಲೆ ಹೋಗಿದಾಳೆ, ಇನ್ನೊಬ್ಬನಿಗೆ ಮೊಹರು ಒತ್ತೋದು ಬಿಟ್ರೆ ಬೇರೆ ಏನೂ ಬರಲ್ಲ. ಅವನ ಕೈಗೆ ಪಟ್ಟಿ ಕೊಟ್ರೆ ನಿಮ್ಮ ಮಗಳು ಪಶುವೈದ್ಯಕೀಯಕ್ಕೆ ಹೋಗ್ತಾಳೆ. ನಿಮ್ಮ ಮೇಲೆ ನಂಗೆ ನಂಬಿಕೆ ಇದೆ, ನೀವೇ ಮಾಡಿ."

"ಬರೆದು ಕೊಡ್ತೀನಿ ಸಾರ್."

"ಬರೆದು ಕೊಡಿ. ಫೈಲಲ್ಲಿ ಇಡೋಣ."

ಬರೆದು ಕೊಟ್ಟಳು. ಫೈಲಿನಲ್ಲಿ ಇಟ್ಟರು.

ಮೊದಲ ಪಟ್ಟಿಯ ಕೊನೆಯ ಸರಾಸರಿ ಅರವತ್ನಾಲ್ಕಕ್ಕೆ ನಿಂತಿತು. ವೇಟಿಂಗ್ ಲಿಸ್ಟಿನಲ್ಲಿ ಮೂವತ್ತು ಜನ, ಸಾಸಿವೆ ಒಂಬತ್ತನೆಯವಳು. ಎಂಟನೆಯವಳ ಸರಾಸರಿಯೂ ಅದೇ, ಅರವತ್ತೊಂದು ಪಾಯಿಂಟ್ ಮೂರು ಮೂರು. ಇಬ್ಬರಿಗೂ ಒಟ್ಟು ಮುನ್ನೂರ ಅರವತ್ತೆಂಟೇ. ಸಮ ಬಂದರೆ ವಯಸ್ಸಿನಲ್ಲಿ ದೊಡ್ಡವರು ಮುಂದೆ ಅನ್ನುವುದು ನಿಯಮ, ಆ ಹುಡುಗಿ ಸಾಸಿವೆಗಿಂತ ಐದು ತಿಂಗಳು ದೊಡ್ಡವಳು. ಪಟ್ಟಿಯಕ್ಕ ಅವಳ ಅಂಕಪಟ್ಟಿ ತೆಗೆದು ನೋಡಿದಳು. ಅರವತ್ತೊಂದು, ಅರವತ್ತೆರಡು, ಅರವತ್ತು, ಅರವತ್ಮೂರು, ಅರವತ್ತೊಂದು, ಅರವತ್ತೊಂದು. ಇಸ್ತ್ರಿ ಮಾಡಿದ ಹಾಗೆ ಸಪಾಟು. ಇತ್ತ ಸಾಸಿವೆಯದು ಏಣಿ ಹತ್ತಿ ಬಾವಿಗೆ ಹಾರಿದ ಹಾಗೆ. ಆರರಿಂದ ಭಾಗಿಸಿದರೆ ಎರಡೂ ಒಂದೇ.

ಊಟಕ್ಕೆ ಕೂತಾಗ ಇದನ್ನು ಗಂಡನಿಗೆ ಹೇಳಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧದಷ್ಟು ಲಿಫ್ಟುಗಳ ಹೊಟ್ಟೆಯೊಳಗೆ ಅವನ ಕೈ ಆಡಿತ್ತು.

"ಏನು ಸರಾಸರಿನೋ ಏನೋ," ಎಂದ. "ಒಬ್ಬನಿಗೆ ಮೂರನೇ ಮಹಡಿ ಬೇಕು, ಇನ್ನೊಬ್ಬನಿಗೆ ಐದನೇದು ಬೇಕು. ಸರಾಸರಿ ತೆಗೆದು ನಾಲ್ಕರಲ್ಲಿ ಲಿಫ್ಟ್ ನಿಲ್ಲಿಸಿದ್ರೆ ಇಬ್ರೂ ಸೇರ‍್ಕೊಂಡು ನನ್ನ ಹೊಡೀತಾರೆ."

ಪಟ್ಟಿಯಕ್ಕ ನಕ್ಕಳು. ಸಾಸಿವೆ ತಟ್ಟೆ ನೋಡಿಕೊಂಡು ಊಟ ಮಾಡಿದಳು.

ಸೀಟು ಸಿಕ್ಕವರೆಲ್ಲ ಸೇರುವುದಿಲ್ಲ. ಕೆಲವರಿಗೆ ಇನ್ನೂ ದೊಡ್ಡದು ಸಿಗುತ್ತದೆ, ಕೆಲವರು ಬೇರೆ ಊರಿಗೆ ಹೋಗುತ್ತಾರೆ, ಕೆಲವರ ಮನೆಯಲ್ಲಿ ಒಪ್ಪುವುದಿಲ್ಲ. ಹಾಗೆ ಒಂದೊಂದು ಸೀಟು ಬಿಟ್ಟಾಗಲೂ ಪಟ್ಟಿಯಕ್ಕ ವೇಟಿಂಗ್ ಲಿಸ್ಟಿನ ಮುಂದಿನವರಿಗೆ ಫೋನ್ ಮಾಡಬೇಕು. ಎರಡು ಕೆಲಸದ ದಿನಗಳಲ್ಲಿ ಮೂರು ಸಲ ಪ್ರಯತ್ನಿಸಬೇಕು. ಸಿಗದಿದ್ದರೆ "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆದು, ಸಹಿ ಮಾಡಿ, ಅದರ ಮುಂದಿನವರಿಗೆ ಹೋಗಬೇಕು. ಸಿಕ್ಕವರು ಪ್ರಮಾಣಪತ್ರಗಳನ್ನು ತಂದು ತೋರಿಸಿ ಸೀಟು ಹಿಡಿಯಬೇಕು. ಕೊನೆಯ ದಿನ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ, ಆಮೇಲೆ ಯಾರು ಬಂದರೂ ಆಗುವುದಿಲ್ಲ.

ಆ ಮೂರು ವಾರ ಮನೆಯಲ್ಲಿ ಒಂದೇ ಪ್ರಶ್ನೆ, ಒಂದೇ ಉತ್ತರ. ಪಟ್ಟಿಯಕ್ಕ ಚಪ್ಪಲಿ ಬಿಡುವಾಗ ಸಾಸಿವೆ ಕೋಣೆಯಿಂದಲೇ ಕೇಳುತ್ತಿದ್ದಳು.

"ಮುಂದೆ ಎಷ್ಟು ಜನ ಇದಾರಮ್ಮ?"

"ಆರು. ಎಂಟರಲ್ಲಿ ಇಬ್ಬರು ಸೇರಿಕೊಂಡ್ರು."

ಮರುದಿನವೂ ಆರು. ಅದರ ಮರುದಿನ ಐದು. ಒಂದು ವಾರ ಐದೇ. ಮೊದಲ ದಿನಗಳಲ್ಲಿ ಆ ಪ್ರಶ್ನೆಗೆ ಒಂದು ಧ್ವನಿಯಿತ್ತು. ಬರಬರುತ್ತಾ ನಲ್ಲಿ ನಿಲ್ಲಿಸಿದೆಯಾ ಅಂತ ಕೇಳುವ ಹಾಗೆ ಕೇಳುತ್ತಿದ್ದಳು, ನಿಲ್ಲಿಸಿದೆ ಅನ್ನುವ ಹಾಗೆ ಇವಳು ಹೇಳುತ್ತಿದ್ದಳು. ಪಕ್ಕದ ಮನೆಯವರು ಕೇಳಿದರೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ಸೀಟು ಸಿಕ್ಕಿತು ಅನ್ನುವಂತಿಲ್ಲ, ಸಿಗಲಿಲ್ಲ ಅನ್ನುವಂತೆಯೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡ್ತಾ ಇದೀವಿ," ಅನ್ನುತ್ತಿದ್ದರು. ಸಾಸಿವೆಯ ಕ್ಲಾಸಿನಲ್ಲಿ ತೊಂಬತ್ತು ತೆಗೆದವಳ ಮನೆಗೆ ಜನ ಹೋಗಿ ಬಂದರು. ಗಣಿತದಲ್ಲಿ ಫೇಲಾದವಳನ್ನೂ ಜನ ಹೋಗಿ ಸಮಾಧಾನ ಮಾಡಿದರು. ಆ ಹುಡುಗಿಗೆ ಅವಳ ಮಾವ ಹೊಸ ಚಪ್ಪಲಿ ಕೊಡಿಸಿದರಂತೆ. ಸಾಸಿವೆಯ ಮನೆಗೆ ಯಾರೂ ಬರಲಿಲ್ಲ. ಏನಂತ ಬರುತ್ತಾರೆ?

"ಇನ್ನೊಂದೇ ಒಂದು ಅಂಕ ಕಡಿಮೆ ಬಂದು, ಆಮೇಲೆ ಇನ್ನೊಂದು ಕಡಿಮೆ ಬಂದು ಫೇಲಾಗಿದ್ರೆ ನಂಗೂ ಚಪ್ಪಲಿ ಬರ‍್ತಿತ್ತೇನೋ," ಎಂದು ಒಂದು ದಿನ ಅಪ್ಪನಿಗೆ ಹೇಳಿದಳು. ತಮಾಷೆಯೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. "ನಿನ್ನ ಸೈಜ್ ಎಷ್ಟು?" ಎಂದು ಕೇಳಿದ. ಅವಳು ಹೇಳದೆ ಎದ್ದು ಹೋದಳು.

ಕೊನೆಯ ವಾರ ಪಟ್ಟಿ ಇದ್ದಕ್ಕಿದ್ದಂತೆ ಸರಿಯಿತು. ಸೋಮವಾರ ಇಬ್ಬರು ಬಿಟ್ಟರು, ಬುಧವಾರ ಇನ್ನಿಬ್ಬರು. ಏಳನೆಯವನು ಬುಧವಾರ ಸಂಜೆಯೇ ಬಂದು ಸೇರಿಕೊಂಡ. ಆ ಸಂಜೆ ಮನೆಯಲ್ಲಿ ಉತ್ತರ "ಒಂದು" ಅಂತಾಯಿತು. ಸಾಸಿವೆ ಕೋಣೆಯಿಂದ ಹೊರಗೆ ಬಂದಳು. ಅಮ್ಮನ ಕೈಚೀಲ ತೆಗೆದುಕೊಂಡು ಒಳಗಿಟ್ಟು, ಟೀ ಮಾಡಿ ಕೊಟ್ಟಳು. ಅವಳು ಟೀ ಮಾಡಿ ಎಷ್ಟೋ ದಿನವಾಗಿತ್ತು.

ಗುರುವಾರ ಬೆಳಗ್ಗೆ ಹತ್ತೂವರೆಗೆ ಒಬ್ಬ ಹುಡುಗ ತಂದೆಯ ಜೊತೆ ಕೌಂಟರಿಗೆ ಬಂದು, ತನಗೆ ಫಿಸಿಯೋಥೆರಪಿ ಬೇಡ, ಪ್ರಮಾಣಪತ್ರ ವಾಪಸು ಕೊಡಿ ಎಂದ. ಪಟ್ಟಿಯಕ್ಕ ಅರ್ಜಿ ಬರೆಸಿಕೊಂಡಳು, ಸಹಿ ಹಾಕಿಸಿದಳು, ಕಾಗದಗಳನ್ನು ಎಣಿಸಿ ಕೊಟ್ಟಳು. ಒಂದು ಸೀಟು ಖಾಲಿಯಾಯಿತು. ಮಾರನೇ ದಿನ ಸಂಜೆ ಪಟ್ಟಿ ಮುಚ್ಚುವುದಿತ್ತು.

ಹನ್ನೊಂದಕ್ಕೆ ಎಂಟನೆಯವಳ ನಂಬರಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಪುಸ್ತಕದಲ್ಲಿ ಬರೆದಳು: ಒಂದು, ಹನ್ನೊಂದು ಗಂಟೆ, ಉತ್ತರವಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಎರಡು, ನಾಲ್ಕು ಗಂಟೆ, ಉತ್ತರವಿಲ್ಲ. ಮೊಹರಿನವನು ತನ್ನ ಮೇಜಿನಿಂದ ನೋಡುತ್ತಿದ್ದ. "ನಾಳೆ ಒಂದು ಸಲ ಮಾಡಿಬಿಡಿ ಅಕ್ಕ, ಮುಗೀತು," ಎಂದ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಸಾಸಿವೆಗೆ ಅವಳು ಹೇಳಿದ್ದು ಇಷ್ಟೇ: "ಒಂದು ಸೀಟ್ ಖಾಲಿ ಆಗಿದೆ. ನಿನ್ನ ಮುಂದಿರೋಳು ಫೋನ್ ಎತ್ತುತಾ ಇಲ್ಲ."

ಸಾಸಿವೆ ತಲೆಯಾಡಿಸಿದಳು. ಬೆಳಗ್ಗೆ ಪಟ್ಟಿಯಕ್ಕ ಏಳುವ ಹೊತ್ತಿಗೆ ಅವಳು ತನ್ನ ಪ್ರಮಾಣಪತ್ರಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಊಟದ ಮೇಜಿನ ಮೇಲೆ ಇಟ್ಟಿದ್ದಳು. ಪಕ್ಕದಲ್ಲಿ ನಾಲ್ಕು ಫೋಟೋ.

ಶುಕ್ರವಾರ ಹತ್ತೂವರೆಗೆ ಪಟ್ಟಿಯಕ್ಕ ಮೂರನೇ ಸಲ ಫೋನ್ ಮಾಡಿದಳು. ಐದನೇ ರಿಂಗಿಗೆ ಯಾರೋ ಗಂಡಸು ಎತ್ತಿದ.

"ಹಲೋ, ಬೇಕರಿ."

ಪಟ್ಟಿಯಕ್ಕ ಹುಡುಗಿಯ ಹೆಸರು ಹೇಳಿ, ತಾನು ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳಿದಳು.

"ಅವರ ಅಪ್ಪ ಇಲ್ಲಿ ಒಲೆ ಮುಂದೆ ಕೆಲಸ ಮಾಡ್ತಿದ್ರು ಮೇಡಂ. ಬಿಟ್ಟು ತಿಂಗಳ ಮೇಲಾಯ್ತು. ಈಗ ಇಲ್ಲಿ ಯಾರೂ ಇಲ್ಲ."

ಅಲ್ಲಿಗೆ ಮುಗಿದಿತ್ತು. ಮೂರು ಕರೆ ಆಗಿತ್ತು, ಅರ್ಜಿಯಲ್ಲಿ ಕೊಟ್ಟ ನಂಬರಿನಲ್ಲಿ ಅಭ್ಯರ್ಥಿ ಸಿಕ್ಕಿರಲಿಲ್ಲ. ನಂಬರು ಬದಲಾದರೆ ತಿಳಿಸುವುದು ಅಭ್ಯರ್ಥಿಯ ಜವಾಬ್ದಾರಿ ಅಂತ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಆ ವಾಕ್ಯದ ಕಾಗುಣಿತ ತಿದ್ದಿದವಳೇ ಪಟ್ಟಿಯಕ್ಕ. ಬಲಗೈಯಲ್ಲಿ ಪೆನ್ನಿತ್ತು. ಪುಸ್ತಕ ತೆರೆದಿತ್ತು.

"ಬೇರೆ ಯಾವುದಾದ್ರೂ ನಂಬರ್ ಇದೆಯಾ ಅವರದು?" ಎಂದು ಅವಳ ಬಾಯಿ ಕೇಳಿತು.

ಹೀಗೆ ಅವಳು ವರ್ಷಕ್ಕೆ ನೂರಿನ್ನೂರು ಸಲ ಕೇಳುತ್ತಾಳೆ. ಊರು ಬಿಟ್ಟವರು, ಮನೆ ಬದಲಿಸಿದವರು, ನೆರೆಮನೆಯವರ ನಂಬರು ಕೊಟ್ಟವರು ಎಷ್ಟು ಜನ! ಕೇಳಿ ಕೇಳಿ ಆ ಮಾತು "ಹಲೋ" ಅಂದಷ್ಟೇ ಸಲೀಸಾಗಿ ಬರುತ್ತಿತ್ತು.

"ತಡೀರಿ, ಒಲೆ ಪಕ್ಕ ಗೋಡೆ ಮೇಲೆ ಮಗಳ ನಂಬರ್ ಬರೆದಿದ್ರು. ಸುಣ್ಣ ಹೊಡೆದ್ರೋ ಏನೋ, ನೋಡ್ಕೊಂಡು ಬರ‍್ತೀನಿ," ಎಂದು ಅವನು ಫೋನನ್ನು ಎಲ್ಲೋ ಇಟ್ಟು ಹೋದ.

ಅವನು ಬರಲು ಒಂದೂವರೆ ನಿಮಿಷ ಹಿಡಿಯಿತು. ಪಟ್ಟಿಯಕ್ಕ ರಿಸೀವರ್ ಕಿವಿಗೆ ಹಿಡಿದು ಕೂತಿದ್ದಳು. ಆಚೆಯಿಂದ ಟ್ರೇಗಳು ಒಂದರ ಮೇಲೊಂದು ಬೀಳುವ ಸದ್ದು, ಯಾರೋ ಯಾರಿಗೋ ಬಾಗಿಲು ಹಾಕು ಎಂದು ಕೂಗುವುದು ಕೇಳುತ್ತಿತ್ತು. ರಿಸೀವರ್ ಇಟ್ಟುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಆ ಹೊತ್ತಿನಲ್ಲಿ ತಾನು ಏನು ಯೋಚಿಸಿದೆ ಎಂದು ಆಮೇಲೆ ಎಷ್ಟು ತಡಕಾಡಿದರೂ ಅವಳಿಗೆ ಸಿಗಲಿಲ್ಲ. ನ್ಯಾಯ, ಅನ್ಯಾಯ, ದೇವರು ನೋಡುತ್ತಾನೆ, ಅಂಥದ್ದೇನೂ ಬಂದಿರಲಿಲ್ಲ. ಮಗಳ ಮುಖವೂ ಬಂದಿರಲಿಲ್ಲ. ಟ್ರೇಗಳ ಸದ್ದು ಮಾತ್ರ ನೆನಪಿತ್ತು.

"ಬರ‍್ಕೊಳ್ಳಿ ಮೇಡಂ," ಎಂದ ಅವನು. ಬರೆದುಕೊಂಡಳು.

ನಾಲ್ಕನೇ ಸಲ ಫೋನ್ ಮಾಡಿದಳು. ಎರಡನೇ ರಿಂಗಿಗೇ ಒಂದು ಹುಡುಗಿ ಎತ್ತಿತು. ಹಿಂದೆ ಯಂತ್ರದ ಗದ್ದಲ.

"ಜೋರಾಗಿ ಹೇಳಿ, ಕೇಳ್ತಿಲ್ಲ! ಗೋದಾಮಲ್ಲಿದೀನಿ!"

ಪಟ್ಟಿಯಕ್ಕ ಜೋರಾಗಿ ಹೇಳಿದಳು. ಮೊಹರಿನವನು ಒತ್ತುತ್ತಿದ್ದ ಮೊಹರನ್ನು ಹಾಗೇ ಎತ್ತಿ ಹಿಡಿದುಕೊಂಡು ನೋಡಿದ.

"ನನಗಾ?" ಎಂದಿತು ಹುಡುಗಿ. "ನಂಗೆ ಸಿಗಲ್ಲ ಅಂತ ಹೇಳಿದ್ರಲ್ಲ ಎಲ್ಲರೂ."

"ಈಗ ಸಿಕ್ಕಿದೆ. ಬೇಕಾ ಬೇಡ್ವಾ ಹೇಳಮ್ಮ. ಬೇಕಂದ್ರೆ ಇವತ್ತು ಐದರೊಳಗೆ ಪೇಪರ್ಸ್ ತಗೊಂಡು ಬರಬೇಕು."

ಬೇಡ ಅನ್ನಬಹುದಿತ್ತು. ಹಾಗೆ ಅಂದವರೂ ಇದ್ದಾರೆ. ಆ ಕಡೆ ಯಂತ್ರದ ಬೆಲ್ಟಿನ ಮೇಲೆ ಏನೋ ಉರುಳಿ ಹೋದ ಸದ್ದಾಯಿತು.

"ಬರ‍್ತೀನಿ," ಎಂದಿತು ಹುಡುಗಿ.

ನಾಲ್ಕು ಇಪ್ಪತ್ತಕ್ಕೆ ಬಂದಳು, ಜೊತೆಯಲ್ಲಿ ಚಿಕ್ಕಮ್ಮನೋ ಯಾರೋ. ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸವಂತೆ. ಮುಂಗೈಗೆ ಕಂದು ಟೇಪಿನ ಒಂದು ಚೂರು ಅಂಟಿಕೊಂಡಿತ್ತು, ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಕೌಂಟರಿನ ಗಾಜಿನಲ್ಲಿ ಮಾತಾಡಲು ಒಂದು ಕಿಂಡಿಯಿದೆ. ಎತ್ತರದವರು ಅದಕ್ಕೆ ಬಾಗಬೇಕು, ಗಿಡ್ಡವರು ತುದಿಗಾಲಲ್ಲಿ ನಿಲ್ಲಬೇಕು. ಈ ಹುಡುಗಿ ನೆಟ್ಟಗೆ ನಿಂತರೆ ಬಾಯಿ ಸರಿಯಾಗಿ ಕಿಂಡಿಗೆ ಬಂತು.

ಪಟ್ಟಿಯಕ್ಕ ಮೂಲ ಪ್ರತಿಗಳನ್ನು ನೋಡಿದಳು, ಜನ್ಮ ದಿನಾಂಕ ತಾಳೆ ನೋಡಿದಳು, ಗುರುತು ಹಾಕಿದಳು.

"ಮೇಡಂ," ಎಂದಳು ಹುಡುಗಿ ಮೆಲ್ಲಗೆ, ಚಿಕ್ಕಮ್ಮನಿಗೆ ಕೇಳದ ಹಾಗೆ. "ಫಿಸಿಯೋಥೆರಪಿ ಅಂದ್ರೆ ಏನು? ಮಸಾಜಾ?"

ಪಟ್ಟಿಯಕ್ಕನ ಪೆನ್ನು ನಿಂತಿತು. "ಗೊತ್ತಿಲ್ದೆ ಅರ್ಜಿ ಹಾಕಿದ್ಯಾ?"

"ಎಲ್ಲಾದಕ್ಕೂ ಹಾಕಿದ್ದೆ ಮೇಡಂ. ಈ ಅಂಕಕ್ಕೆ ಯಾವುದು ಸಿಗುತ್ತೆ ಅಂತ ಯಾರಿಗೆ ಗೊತ್ತು?"

ಅದೂ ನಿಜವೇ. ಪಟ್ಟಿಯಕ್ಕ ಹೇಳತೊಡಗಿದಳು. "ಮಸಾಜ್ ಅಲ್ಲ. ಮೂಳೆ ಮುರಿದವರು, ಪಾರ್ಶ್ವವಾಯು ಹೊಡೆದವರು ಇರ‍್ತಾರಲ್ಲ, ಅವರನ್ನ ಮತ್ತೆ ನಡೆಸೋದು. ಅವರ ಕೈಲಿ ಆಗೋದನ್ನ ಅವರಿಂದಲೇ ಮಾಡಿಸೋದು. ಅವರು ಬೈತಾರೆ, ಅಳ್ತಾರೆ. ನೀನು ಬೇಜಾರು ಮಾಡ್ಕೋಬಾರದು." ಈ ಮಾತು ಮುಗಿದ ಮೇಲೆಯೇ, ಇದು ತನ್ನದಲ್ಲ, ಸಾಸಿವೆ ಅಜ್ಜಿಯ ಮಂಚದ ಪಕ್ಕ ಕೂತು ಹೇಳುತ್ತಿದ್ದದ್ದು ಎಂದು ಅವಳಿಗೆ ಹೊಳೆದದ್ದು.

"ಓ," ಎಂದಳು ಹುಡುಗಿ. "ಚೆನ್ನಾಗಿದೆ ಅಲ್ವಾ ಮೇಡಂ?"

"ಚೆನ್ನಾಗಿದೆ. ಇಲ್ಲಿ ಸಹಿ ಮಾಡು."

ಹುಡುಗಿ ಹೋದ ಮೇಲೆ ಐದು ಗಂಟೆಗೆ ಪಟ್ಟಿಯಕ್ಕ ಪಟ್ಟಿಯ ಕೆಳಗೆ ಗೆರೆ ಎಳೆದು, ದಿನಾಂಕ ಹಾಕಿ, ಸೂಪರಿಂಟೆಂಡೆಂಟರ ಸಹಿಗೆ ಒಯ್ದಳು. ಅವರು ಸಹಿ ಮಾಡುತ್ತಾ ಕೇಳಿದರು.

"ನಿಮ್ಮ ಹುಡುಗೀದು ಏನಾಯ್ತ್ರೀ?"

"ಆಗಲಿಲ್ಲ ಸಾರ್. ಅವಳ ಮುಂದಿದ್ದವಳೇ ಕೊನೆ."

ಅವರು ಪುಸ್ತಕದ ಹಾಳೆ ತಿರುವಿ ಕರೆಗಳನ್ನು ನೋಡಿದರು. ಮೂರನೇ ಕರೆಯ ಮುಂದೆ "ಬೇಕರಿ, ಅಭ್ಯರ್ಥಿ ಇಲ್ಲ" ಎಂದಿತ್ತು. ಅದರ ಕೆಳಗೆ ನಾಲ್ಕನೆಯದು. ಅವರು ಅದರ ಮೇಲೆ ಬೆರಳಿಟ್ಟರು.

"ಅಲ್ರೀ, ಮೂರಕ್ಕೆ ನಿಲ್ಲಿಸಿದ್ರೆ ಯಾರು ಬೇಡ ಅಂತಿದ್ರು? ನನಗೆ ಒಂದು ಮಾತು ಹೇಳೋದಲ್ವಾ?"

ಪಟ್ಟಿಯಕ್ಕ ಫೈಲು ತೆಗೆದುಕೊಂಡು ಹೊರಗೆ ಬಂದಳು.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕಿಟಕಿಯ ಪಕ್ಕವೇ ಸಿಕ್ಕಿತು. ಅವಳು ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದು, ವಾಪಸು ನಡೆದು ಬಂದಳು. ಒಂದು ಅಂಗಡಿಯ ಮುಂದೆ ನಿಂತು ಪೊರಕೆ ಕೊಂಡಳು. ಮನೆಯಲ್ಲಿ ಪೊರಕೆ ಇತ್ತು.

ಬಾಗಿಲು ತೆರೆದವಳು ಸಾಸಿವೆ. ತಲೆ ಬಾಚಿಕೊಂಡಿದ್ದಳು, ಒಳ್ಳೆ ಬಟ್ಟೆ ಹಾಕಿಕೊಂಡಿದ್ದಳು. ಫೋನ್ ಬಂದ ತಕ್ಷಣ ಕಚೇರಿಗೆ ಓಡಿ ಹೋಗುವುದಕ್ಕೆ ಬೆಳಗ್ಗೆಯಿಂದ ಹಾಗೇ ಕೂತಿದ್ದಳು. ಅವಳ ಅಪ್ಪನೂ ಅವತ್ತು ಬೇಗ ಬಂದಿದ್ದ. ಕೈ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸಿತ್ತು.

"ಮುಂದೆ ಎಷ್ಟು ಜನ?" ಎಂದಳು ಸಾಸಿವೆ.

"ಯಾರೂ ಇಲ್ಲ. ನೀನೇ ಮೊದಲು," ಎಂದಳು ಪಟ್ಟಿಯಕ್ಕ. ಹಾಗೆ ಹೇಳಬಾರದಿತ್ತು. ಮಗಳ ಮುಖ ಅರಳುತ್ತಿರುವುದು ಕಂಡು ಗಡಿಬಿಡಿಯಿಂದ ಮುಂದಿನದನ್ನೂ ಹೇಳಿದಳು. "ಆದ್ರೆ ಸೀಟ್ ಮುಗೀತು. ಅವಳು ಬಂದು ಸೇರ‍್ಕೊಂಡ್ಲು. ಪಟ್ಟಿ ಮುಚ್ಚಿದ್ವಿ."

ಸಾಸಿವೆ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದಳು. "ಫೋನ್ ಎತ್ತಲ್ಲ ಅಂದಿದ್ಯಲ್ಲ."

"ಮೂರನೇ ಸಲ ಯಾರೋ ಎತ್ತಿದ್ರು. ಅವಳಲ್ಲ. ಅಲ್ಲಿಂದ ಇನ್ನೊಂದು ನಂಬರ್ ಸಿಕ್ಕಿತು."

"ಆಮೇಲೆ?"

"ಅದಕ್ಕೆ ಮಾಡಿದೆ."

"ನಾಲ್ಕು ಸಲ ಮಾಡಿದ್ಯಾ?"

"ಹೂಂ."

"ನಿಯಮ ಮೂರು ಅಲ್ವಾ?"

ಪಟ್ಟಿಯಕ್ಕ ಮೊದಲೇ ಸುಳ್ಳು ಹೇಳಬಹುದಿತ್ತು. ಮೂರನೇ ಸಲಕ್ಕೇ ಹುಡುಗಿ ಸಿಕ್ಕಳು ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಬೇಕು ಅಂತಲೇ ಬಂದಿದ್ದಳು.

"ಮೂರೇ," ಎಂದಳು.

"ಸರಿ," ಎಂದಳು ಸಾಸಿವೆ. ಅಮ್ಮನ ಕೈಯಿಂದ ಪೊರಕೆ ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟಳು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕವರನ್ನು ಕೋಣೆಗೆ ಒಯ್ದಳು. ಬಟ್ಟೆ ಬದಲಿಸಿ ಬಂದು, ಒಣಗಿದ ಬಟ್ಟೆಗಳನ್ನು ಮಡಿಸಲು ಕೂತಳು. ಅಪ್ಪನದು ಒಂದು ಕಡೆ, ಅಮ್ಮನದು ಒಂದು ಕಡೆ, ತನ್ನದು ಒಂದು ಕಡೆ. ಊಟಕ್ಕೆ ಕರೆದರೆ ಬಂದಳು. ಇನ್ನೊಂದು ಚೂರು ಹಾಕಲಾ ಎಂದರೆ ಹಾಕು ಎಂದಳು. ಬೇಗ ಮಲಗಿದಳು.

ಪಟ್ಟಿಯಕ್ಕ ಬಿರುಗಾಳಿಗೆ ಸಿದ್ಧಳಾಗಿದ್ದಳು. ಅದು ಬರಲಿಲ್ಲ. ಬೆಳಗ್ಗೆ ಬರಬಹುದು ಅಂದುಕೊಂಡಳು, ಬೆಳಗ್ಗೆಯೂ ಬರಲಿಲ್ಲ. ಒಂದು ತಟ್ಟೆ ಒಡೆದಿದ್ದರೆ, ಬಾಗಿಲು ದಢಾರನೆ ಹಾಕಿದ್ದರೆ, ನೀನೂ ಒಬ್ಬಳು ತಾಯಿನಾ ಅಂದಿದ್ದರೆ ಇವಳೂ ಏನಾದರೂ ಅನ್ನಬಹುದಿತ್ತು, ಅತ್ತುಕೊಳ್ಳಬಹುದಿತ್ತು. ಗಂಡ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಟೀ ಕುಡಿಯುತ್ತಾ ಲೋಟ ನೋಡಿಕೊಂಡು, "ನೀನು ಮಾಡಿದ್ದು ಸರಿನೇ ಕಣೆ," ಎಂದ.

"ಸರಿ ಅನ್ನೋಕೆ ಎರಡು ದಿನ ಬೇಕಾಯ್ತಾ ನಿಮಗೆ?"

"ನಾಲ್ಕು ದಿನ ತಗೊಂಡಿದ್ರೆ ತಪ್ಪು ಅಂತಿದ್ದೆ."

"ಸರಿ ಅಂತ ಮಾಡಲಿಲ್ಲ ರೀ ನಾನು," ಎಂದಳು ಅವಳು. "ಸುಮ್ಮನೆ ಮಾಡಿದೆ. ದಿನಾ ಮಾಡೋ ಹಾಗೆ."

ಅವನಿಗೆ ಅದು ಅರ್ಥವಾಯಿತೋ ಇಲ್ಲವೋ, ಇನ್ನೊಂದು ಗುಟುಕು ಕುಡಿದ. "ನಂಗೂ ಒಂದೊಂದ್ಸಲ ಹಾಗೇ," ಎಂದ. "ಲಿಫ್ಟಿನ ಶಾಫ್ಟ್ ಒಳಗೆ ಇಳಿದ ಮೇಲೆ ಕರೆಂಟಿನ ಮೇನ್ ಸ್ವಿಚ್ ತೆಗೆದು ಆಫ್ ಮಾಡಿದೀನಾ ಅಂತ ಭಯ ಆಗುತ್ತೆ. ಮೇಲೆ ಬಂದು ನೋಡಿದ್ರೆ ತೆಗೆದಿರ‍್ತೀನಿ. ತೆಗೆದದ್ದು ನೆನಪೇ ಇರಲ್ಲ."

ಆ ಸರಾಸರಿಗೆ ಸುಲಭವಾಗಿ ಸಿಗುವಂಥ ಓದುಗಳು ಇನ್ನೂ ಮೂರ‍್ನಾಲ್ಕು ಇದ್ದವು. ಪಟ್ಟಿಯಕ್ಕ ಅವುಗಳ ಹೆಸರು ಬರೆದುಕೊಂಡು ತಂದಳು. ಸಾಸಿವೆ ಚೀಟಿ ಓದಿ, "ನೋಡೋಣ," ಎಂದು ಅಲ್ಲೇ ಇಟ್ಟಳು. ವಾರ ಕಳೆದ ಮೇಲೆ ಅವಳ ಅಪ್ಪ ಒಂದು ಸುದ್ದಿ ತಂದ. ಅವನು ಲಿಫ್ಟ್ ನೋಡಿಕೊಳ್ಳುವ ಕಟ್ಟಡವೊಂದರಲ್ಲಿ ಆಪರೇಷನ್ ಆದವರನ್ನು ಎರಡು ಮೂರು ತಿಂಗಳು ಇಟ್ಟುಕೊಂಡು ಆರೈಕೆ ಮಾಡುವ ಕೇಂದ್ರವಿತ್ತು. ಅಲ್ಲಿ ಸಹಾಯಕಿಯರು ಬೇಕಾಗಿದ್ದರು. ಒಂದು ವರ್ಷ ಕೆಲಸ ಕಲಿಸುತ್ತಾರೆ, ಕೊನೆಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಶಾಲೆ ಪಾಸಾಗಿದ್ದರೆ ಸಾಕು, ಅಂಕ ಕೇಳುವುದಿಲ್ಲ.

"ಅಂಕ ಕೇಳಲ್ವಾ?" ಎಂದಳು ಸಾಸಿವೆ.

"ಹೆಣ ಭಾರ ಇರೋರನ್ನ ಎತ್ತೋಕಾಗುತ್ತಾ ಅಂತ ಮಾತ್ರ ಕೇಳಿದ್ರು," ಎಂದ ಅಪ್ಪ. "ಅವಳ ಹೆಸರು ಸಾಸಿವೆ, ಆದ್ರೆ ಎತ್ತುತಾಳೆ ಅಂತ ಹೇಳಿದೀನಿ."

ಮುಂದಿನ ಸೋಮವಾರ ಅವಳು ಹೋಗಿ ಸೇರಿಕೊಂಡಳು.

ಅಲ್ಲಿ ಅವಳ ಕೆಲಸ ರೋಗಿಗಳನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಸಾಗಿಸುವುದು, ಬೆನ್ನು ಒರೆಸುವುದು, ಹಾಸಿಗೆ ಬದಲಿಸುವುದು. ವ್ಯಾಯಾಮ ಮಾಡಿಸುವವರು ಬೇರೆ, ಬಿಳಿ ಕೋಟಿನವರು. ಅವರು ಬಂದಾಗ ಸಾಸಿವೆ ರೋಗಿಯ ಹಿಂದೆ ನಿಂತು ಸೊಂಟದ ಪಟ್ಟಿ ಹಿಡಿದುಕೊಳ್ಳಬೇಕು, ಮಾತಾಡುವಂತಿಲ್ಲ. ಮೊದಲ ತಿಂಗಳಲ್ಲೇ ಒಮ್ಮೆ ಮಾತಾಡಿ ಬೈಸಿಕೊಂಡಳಂತೆ. ಇದನ್ನು ಅವಳು ಅಪ್ಪನಿಗೆ ಹೇಳಿದ್ದು. ಪಟ್ಟಿಯಕ್ಕ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಳು. ಅಮ್ಮನ ಜೊತೆಗೂ ಅವಳು ಮಾತು ಬಿಟ್ಟಿರಲಿಲ್ಲ. ಉಪ್ಪು ಮುಗಿದಿದೆ, ನಾಳೆ ನನ್ನ ಪಾಳಿ ಬೆಳಗ್ಗೆ, ಛತ್ರಿ ತಗೊಂಡು ಹೋಗು, ಎಲ್ಲವನ್ನೂ ಹೇಳುತ್ತಿದ್ದಳು. ಕೋಪವಿದೆ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ.

ಪಟ್ಟಿಯಕ್ಕ ಆ ವರ್ಷ ತನ್ನನ್ನು ಗುರುತಿನ ಚೀಟಿಗಳ ಮೇಜಿಗೆ ಬದಲಿಸಿ ಎಂದು ಕೇಳಿಕೊಂಡಳು. ಹೆರಿಗೆ ರಜೆಯವಳು ವಾಪಸು ಬಂದಿದ್ದರಿಂದ ಸೂಪರಿಂಟೆಂಡೆಂಟರು ಒಪ್ಪಿದರು. ಅಲ್ಲಿ ಫೋಟೋ ತೆಗೆದು, ಹೆಸರು ಅಚ್ಚು ಹಾಕಿ, ದಾರಕ್ಕೆ ಕಟ್ಟಿ ಕೊಡುವ ಕೆಲಸ. ಬರುವವರೆಲ್ಲ ಆಗಲೇ ಸೇರಿದವರು. ನಗಬೇಡಿ, ನೇರ ನೋಡಿ ಎಂದು ಅವಳು ಹೇಳುತ್ತಿದ್ದಳು. ಕಚೇರಿಯವರು ಮಾತ್ರ ಇನ್ನೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು.

ಹೊಸ ವರ್ಷದ ಅರ್ಜಿಗಳು ಶುರುವಾದಾಗ ಅವಳು ಮಗಳನ್ನು ಒಂದೇ ಒಂದು ಸಲ ಕೇಳಿದಳು. ಗಣಿತ ಮತ್ತೆ ಬರೆದರೆ ಹೇಗೆ, ಬೇಕಾದರೆ ಟ್ಯೂಷನ್ ಹಾಕೋಣ ಎಂದಳು. ಸಾಸಿವೆ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದಳು. ದಿನವಿಡೀ ನಿಂತು ಪಾದ ಊದಿತ್ತು.

"ಬರೀಬಹುದು," ಎಂದಳು. ಊದಿದ ಪಾದವನ್ನು ಒತ್ತಿಕೊಳ್ಳುತ್ತಾ, "ನಾನು ಆ ಹುಡುಗಿ ಜಾಗದಲ್ಲಿದ್ದು, ಅವಳು ನಿನ್ನ ಮಗಳಾಗಿದ್ರೆ, ನಾಲ್ಕನೇ ಸಲ ಮಾಡ್ಲಿ ಅಂತಲೇ ಅನ್ಕೋತಿದ್ದೆ. ಅದೂ ಗೊತ್ತು ನಂಗೆ," ಎಂದಳು.

ಪಟ್ಟಿಯಕ್ಕ ಕಾದಳು. ಆದರೆ ಮಾತು ಅಷ್ಟೇ ಇತ್ತು. ಅದರಲ್ಲಿ ಕ್ಷಮೆಯಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇದೆ ಎಂದುಕೊಳ್ಳಲು ಧೈರ್ಯ ಬರಲಿಲ್ಲ. ಬಿಸಿನೀರು ಕಾಯಿಸಿ ಒಂದು ಬಕೆಟ್ಟಿನಲ್ಲಿ ಹಾಕಿ ತಂದು ಮಗಳ ಕಾಲ ಮುಂದೆ ಇಟ್ಟಳು. ಸಾಸಿವೆ ಪಾದಗಳನ್ನು ಅದರಲ್ಲಿ ಇಳಿಸಿ ಕಣ್ಣು ಮುಚ್ಚಿದಳು.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ. ಸರಿಯಾಗಿದೆ."

ನೀರು ಆರುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದರು. ಮರುದಿನ ಸಾಸಿವೆಯದು ಆರು ಗಂಟೆಯ ಪಾಳಿ.